ಸಾವಿನ ಮನೆಯ ಮಿಠಾಯಿ

ಬೀ ಲೇ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಗಂಜಿ ಬಟ್ಟಲನ್ನು ಬೆಕ್ಕಿನ ಮೂತಿಯತ್ತ ತಳ್ಳಿದಳು. ಬುಟ್ಟಿಯೊಳಗಿನ ಕಿಮ್ ಮೂಸಿ ನೋಡಿ ಮುಖ ತಿರುಗಿಸಿತು. ನಿನ್ನೆಯಿಂದ ಅದಕ್ಕೆ ಬರೀ ಗಂಜಿ. ಅತ್ತೆಯ ಹೆಣ ಹೊರಡುವ ತನಕ ಮನೆಯೊಳಗೆ ಮೀನು ಬರಕೂಡದು. ಬೆಕ್ಕು ಶವಪೆಟ್ಟಿಗೆ ದಾಟಿದರೆ ಸತ್ತವರು ಎದ್ದು ಕೂರುತ್ತಾರೆಂದು ಅದನ್ನು ಬುಟ್ಟಿಗೆ ಹಾಕಿ ಕಟ್ಟಿದ್ದರು. ಹಾಗೆ ಅತ್ತೆ ಎದ್ದು ಕೂತರೆ ಮೊದಲು ಬೈಸಿಕೊಳ್ಳುವವಳು ತಾನೇ ಎಂಬುದರಲ್ಲಿ ಬೀ ಲೇಗೆ ಅನುಮಾನವಿರಲಿಲ್ಲ.

"ಸೂಜಿ ಹಾಕಿದ್ಯಾ?" ಗಂಡನ ಅಕ್ಕ ಆಯ್ ಹೂನ್ ಬಾಗಿಲಲ್ಲಿ ನಿಂತಿದ್ದಳು. ಕ್ವಾಲಾಲಂಪುರದಿಂದ ಬಂದಾಗಿನಿಂದ ಅತ್ತು ಅತ್ತು ಅವಳ ಗಂಟಲು ಕಟ್ಟಿತ್ತು, ಆದರೆ ಅಧಿಕಾರ ಮಾಡುವಷ್ಟು ದನಿ ಉಳಿದಿತ್ತು.

"ಇಲ್ಲ ಅಕ್ಕಾ. ಇದು ಏನೂ ತಿಂದಿಲ್ಲ. ಖಾಲಿ ಹೊಟ್ಟೇಲಿ ಇನ್ಸುಲಿನ್ ಹಾಕಿದ್ರೆ ಮೈಯಲ್ಲಿರೋ ಸಕ್ಕರೆಯೆಲ್ಲಾ ಇಳಿದುಹೋಗುತ್ತೆ, ಸತ್ತೇ ಹೋಗುತ್ತೆ. ಒಂದೇ ಒಂದು ಬಂಗುಡೆ ತರಿಸಿಕೊಡಿ. ಹಿತ್ತಲಲ್ಲೇ ತಿನ್ನಿಸ್ತೀನಿ."

"ಬಂಗುಡೆ! ಅಮ್ಮ ಹಜಾರದಲ್ಲಿ ಮಲಗಿದ್ದಾಳೆ, ನಿಂಗೆ ಬಂಗುಡೆ ಬೇಕಾ?"

"ನಂಗಲ್ಲ, ಕಿಮ್‌ಗೆ."

"ನಾಟಕ ಬೇಡ. ಅಮ್ಮ ಹೋಗಿದ್ದೇ ತಡ, ಔಷಧಿ ನಿಲ್ಲಿಸ್ತಿದೀಯ. ಇದೊಂದು ಸತ್ತರೆ ಕೈ ತೊಳ್ಕೋಬಹುದು ಅಂತ ತಾನೆ?"

ಮಾತು ಕೇಳಿ ಅತ್ತೆಯ ತಂಗಿಯರಾದ ಚಿಕ್ಕತ್ತೆಯರಿಬ್ಬರು ಬಂದು ನಿಂತರು. "ಅಕ್ಕನ ಜೀವವೆಲ್ಲಾ ಆ ಬೆಕ್ಕಿನ ಮೇಲೇ ಇತ್ತಮ್ಮಾ" ಎಂದು ಒಬ್ಬಳು ಮೂಗು ಸುರ್ರೆಂದು ಎಳೆದಳು. ನೋಡುವವರು ಸಿಕ್ಕಿದ ಮೇಲೆ ಆಯ್ ಹೂನ್ ಸುಮ್ಮನಿರುವ ಹೆಂಗಸೇ? ಫ್ರಿಜ್ಜಿನಿಂದ ಬಾಟಲಿ ತೆಗೆದು ಸೂಜಿಗೆ ಎಳೆದಳು.

"ಅರ್ಧನಾದ್ರೂ ಹಾಕಿ ಅಕ್ಕಾ."

"ಅಮ್ಮ ಹಾಕಿಸ್ತಿದ್ದಷ್ಟೂ ಹಾಕ್ತೀನಿ. ಹಿಡ್ಕೋ ಅದನ್ನ."

ಕಿಮ್ ಆಯ್ ಹೂನ್‌ಳನ್ನು ಕಂಡು ಬುಸುಗುಟ್ಟಿತು. ಬೀ ಲೇ ಕೈಯಿಟ್ಟ ಕೂಡಲೇ ಸುಮ್ಮನಾಗಿ ಕತ್ತು ಬಾಗಿಸಿ ಕೊಟ್ಟಿತು. ಅದು ಕತ್ತು ಕೊಡುತ್ತಿದ್ದುದು ಅವಳೊಬ್ಬಳಿಗೇ.

"ಅಮ್ಮಾ, ನೋಡು, ನಿನ್ನ ಮುದ್ದಿನ ಮಗನಿಗೆ ಔಷಧಿ ಹಾಕ್ದೆ!" ಎಂದು ಆಯ್ ಹೂನ್ ಗೋಳಾಡಿದಳು. ಚಿಕ್ಕತ್ತೆಯರೂ ಅತ್ತರು.

*

ಅತ್ತೆ ಗಾಯಕ್ ಸುವಾನ್, ತೈಪಿಂಗ್ ಊರಿನ ಪೇಟೆಯಲ್ಲಿ ಹಬೆಯ ಕಡುಬು ಮಾರಿ ಮಕ್ಕಳನ್ನು ಸಾಕಿದವಳು. ಹಬೆ ತಿಂದ ಬೆರಳುಗಳು ಕೊನೆಗೆ ಸೂಜಿ ಹಿಡಿಯದಾದವು. ಹಾಗಾಗಿ ಬೆಕ್ಕಿನ ಸಕ್ಕರೆ ಕಾಯಿಲೆ ಸೊಸೆಯ ಪಾಲಿಗೆ ಬಂತು. ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ. ಬೆಕ್ಕನ್ನು ಕಂಡರೆ ಬೆಣ್ಣೆಯಾಗುತ್ತಿದ್ದ ಮುದುಕಿ ಸೊಸೆಯನ್ನು ಕಂಡರೆ ಸಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಕಿಮ್ ಸೂಜಿಯಾದ ಮೇಲೆ ತಿಂದದ್ದನ್ನೆಲ್ಲ ಕಕ್ಕಿ, ತೂರಾಡಿ ಬಿತ್ತು. ಅತ್ತೆ ಮೊದಲು ಸೊಸೆಯ ಕೆನ್ನೆಗೆ ಬಾರಿಸಿದಳು. ಆಮೇಲೆ ಸಕ್ಕರೆ ಪಾಕವನ್ನು ಅದರ ಒಸಡಿಗೆ ಸವರಿಸಿದಳು. ಸ್ವಲ್ಪ ಹೊತ್ತಿಗೆ ಬೆಕ್ಕು ಎದ್ದು ಕೂತಿತು.

ಬೀ ಲೇಯ ತಾಯಿ ಸತ್ತಾಗ ಅತ್ತೆ ಹೇಳಿದ್ದು ಇಷ್ಟೇ: "ಹೋಗು. ಸಂಜೆ ಸೂಜಿ ಹೊತ್ತಿಗೆ ಇಲ್ಲಿರಬೇಕು."

"ಪೆಟ್ಟಿಗೆ ಮುಚ್ಚೋ ತನಕನಾದ್ರೂ ಇರ್ತೀನಿ ಅತ್ತೆ."

"ನಿಮ್ಮಮ್ಮ ಆಗಲೇ ಸತ್ತಿದ್ದಾಳೆ. ಕಿಮ್ ಬದುಕಿದೆ."

ಪೆಟ್ಟಿಗೆ ಮುಚ್ಚುವಾಗ ಬೀ ಲೇ ಬಸ್ಸಿನಲ್ಲಿದ್ದಳು.

*

ಮಧ್ಯಾಹ್ನ ಜನ ತುಂಬಿದರು. ಬಂದವರ ಕೈಗೆ ಒಂದು ಕೆಂಪು ದಾರ, ಒಂದು ಮಿಠಾಯಿ ಕೊಡುವ ಕೆಲಸ ಬೀ ಲೇಯದು. ಕೆಡುಕು ತಟ್ಟಬಾರದೆಂದು ಆ ದಾರ, ಸಾವಿನ ಮನೆಯ ಕಹಿ ಬಾಯಲ್ಲಿ ಉಳಿಯಬಾರದೆಂದು ಆ ಮಿಠಾಯಿ. ತಟ್ಟೆ ಖಾಲಿಯಾದಾಗ ಮತ್ತಷ್ಟು ಮಿಠಾಯಿ ತುಂಬಿಕೊಳ್ಳಲು ಅಡುಗೆಮನೆಗೆ ಹೋದಳು.

ಕಿಮ್ ಮಗ್ಗುಲಾಗಿ ಬಿದ್ದಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಕಾಲುಗಳು ಗಾಳಿಯಲ್ಲಿ ಓಡುತ್ತಿದ್ದವು. ಅವಳು ಮಂಡಿಯೂರಿ ಒಂದು ಮಿಠಾಯಿಯ ಕಾಗದ ಬಿಡಿಸಿದಳು. ಚೂರು ನೀರಲ್ಲಿ ಕರಗಿಸಿ ಒಸಡಿಗೆ ಸವರಿದರೆ ಸಾಕು. ಕೈಯ ವಾಸನೆ ಹಿಡಿದು ಕಿಮ್ ಕತ್ತನ್ನು ಬಾಗಿಸಿ ಕೊಟ್ಟಿತು. ಅವಳಿಗೆ ಅಯ್ಯೋ ಅನಿಸಿತು.

"ಬೀ ಲೇ! ಪೆಟ್ಟಿಗೆ ಮುಚ್ತಿದಾರೆ, ಬಾರೇ!" ಹಜಾರದಿಂದ ಆಯ್ ಹೂನ್ ಕೂಗಿದಳು. "ಎಷ್ಟೊತ್ತು? ಬೆಕ್ಕು ಇನ್ಮೇಲೆ ನಿಂದೇ ತಾನೆ, ಆಮೇಲೆ ಮುದ್ದು ಮಾಡು. ಎರಡು ಹೊತ್ತೂ ಸೂಜಿ ತಪ್ಪಿಸಬಾರದು, ಅಮ್ಮ ನನ್ನ ಹತ್ರ ಮಾತು ತಗೊಂಡಿದ್ದಾಳೆ!"

ಬೀ ಲೇ ಮಿಠಾಯಿಯನ್ನು ತನ್ನ ಬಾಯಿಗೆ ಹಾಕಿಕೊಂಡು ಎದ್ದಳು.

"ಎಲ್ಲರೂ ಬೆನ್ನು ತಿರುಗಿಸಿ! ನೋಡಬಾರದು!" ಪುರೋಹಿತ ಗಂಟೆ ಬಡಿದ. ಮನೆಯವರೆಲ್ಲ ಪೆಟ್ಟಿಗೆಗೆ ಬೆನ್ನು ಹಾಕಿದರು. ಎದುರಿಗೆ ಅಡುಗೆಮನೆಯ ಬಾಗಿಲು ತೆರೆದಿತ್ತು, ಬುಟ್ಟಿ ಸ್ವಲ್ಪ ಅಲುಗಿ ನಿಂತಿತು. ಹಿಂದೆ ಮೊಳೆ ಹೊಡೆಯುವ ಸದ್ದು ಶುರುವಾಯಿತು.

ಆಯ್ ಹೂನ್ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: "ನೋಡು, ಹೇಗೆ ನೆಮ್ಮದಿಯಾಗಿ ಮಲಗಿದೆ. ನಿನ್ನ ಕೈಯಲ್ಲಿ ಯಾವತ್ತಾದ್ರೂ ಹೀಗೆ ಮಲಗಿತ್ತಾ?"

"ಇಲ್ಲ ಅಕ್ಕಾ," ಎಂದು ಬೀ ಲೇ ಮಿಠಾಯಿಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಹೊರಳಿಸಿದಳು.