ಕೆಳಗಿನ ಮಂಚ

ತೋಳೊರಗಿನ ಹೊಲಿಗೆ ಒಂದು ಕಡೆ ಬಿಟ್ಟಿದೆ, ಬೆರಳ ತುದಿಗೆ ಸಿಕ್ಕಿತು, ನೂಲು ಸಣ್ಣಗೆ ಎದ್ದು ನಿಂತಿದೆ, ಹೊಚ್ಚಹೊಸ ಸೀಟು ಎಂದು ಜಾಹೀರಾತಿನಲ್ಲಿ ಕೊಚ್ಚಿಕೊಂಡವರು ಇವರೇ ಅಲ್ಲವೇ, ಬರೆದಿಟ್ಟುಕೊಳ್ಳಬೇಕು ಎಂದು ಅವಳ ಕೈ ತಾನಾಗಿಯೇ ಚೀಲದ ಕಡೆ ಹೋಯಿತು, ಹೋಗಿ ಅರ್ಧದಲ್ಲೇ ನಿಂತಿತು — ಬರೆದು ಯಾರಿಗೆ ತೋರಿಸುವುದು. ಕಿಟಕಿಯಾಚೆ ಮಟಮಟ ಮಧ್ಯಾಹ್ನ, ಒಳಗೆ ಗಾಜಿಗೆ ನೀಲಿ ಬಣ್ಣ ಏರಿಸಿ ಸಂಜೆ ಮಾಡಿಟ್ಟಿದ್ದಾರೆ, ಉಂಡವರೆಲ್ಲ ಮಲಗಲಿ, ನಮಗೂ ಒಂದಿಷ್ಟು ಉಸಿರಾಡಲು ಬಿಡಲಿ ಎನ್ನುವ ಉಪಾಯ, ಯುರೋಪಿನ ವಿಮಾನ ಕಂಪನಿಗಳೆಲ್ಲ ಇದನ್ನು ಕಲಿತಿವೆ, ಅಣ್ಣ ಇದ್ದಿದ್ದರೆ ಅನ್ನುತ್ತಿದ್ದ, ನೋಡೇ ಕಡ್ಡಿ, ರಜದ ದಿನ ನಮ್ಮನ್ನ ಮಲಗಿಸೋಕೆ ಅಮ್ಮ ಪರದೆ ಎಳೀತಿದ್ಲಲ್ಲ, ಅದೇ ವಿದ್ಯೆ, ಇವರು ಅದಕ್ಕೊಂದು ಹೆಸರಿಟ್ಟಿದಾರೆ ಅಷ್ಟೆ. ಅಣ್ಣ ಇದ್ದಿದ್ದರೆ. ಅಣ್ಣ ಇದ್ದಾನೆ, ಇದೇ ವಿಮಾನದಲ್ಲಿ ಇದ್ದಾನೆ, ಪಕ್ಕದ ಸೀಟಿನಲ್ಲಲ್ಲ, ಕೆಳಗೆ, ಸಾಮಾನು ತುಂಬುವ ಹೊಟ್ಟೆಯಲ್ಲಿ, ಪೆಟ್ಟಿಗೆಯೊಳಗೆ. ಪಕ್ಕದ ಸೀಟಿನ ಮೇಲೆ ಅವನಿಗೆಂದು ಇಟ್ಟ ದಿಂಬು ಇನ್ನೂ ಹಾಗೇ ಇದೆ, ಹೊದಿಕೆಯ ಪ್ಲಾಸ್ಟಿಕ್ ಒಡೆದಿಲ್ಲ, ನಡುವಿನ ತಡಿಕೆ ಕೆಳಗಿಳಿದಿದೆ, ಅವಳೇ ಗುಂಡಿ ಒತ್ತಿ ಇಳಿಸಿದ್ದು, ಹತ್ತಿದ ಕೂಡಲೇ, ಯೋಚಿಸದೆ, ಪ್ರತಿ ಸಲ ಇಳಿಸುವ ಹಾಗೆ.

ಏಣಿ ಮತ್ತು ಕಡ್ಡಿ, ಪ್ರವಾಸದ ಮಾಸಪತ್ರಿಕೆಯಲ್ಲಿ ಅವರ ಅಂಕಣಕ್ಕೆ ಅದೇ ಹೆಸರು, ಮನೆಯಲ್ಲಿ ಜಗಳವಾಡುವಾಗ ಬೈದುಕೊಳ್ಳುತ್ತಿದ್ದುದನ್ನೇ ಸಂಪಾದಕರು ಎತ್ತಿ ತಲೆಬರಹ ಮಾಡಿಬಿಟ್ಟರು, ಬಾಗಿಲಲ್ಲಿ ತಲೆ ತಗ್ಗಿಸೋ ಗಂಡಸು ಒಬ್ಬ, ಸ್ಟೂಲು ಹತ್ತಿ ಡಬ್ಬಿ ಇಳಿಸೋ ಹೆಂಗಸು ಒಬ್ಬಳು, ಇಬ್ಬರೂ ಒಂದೇ ಥರದ ಸೀಟಲ್ಲಿ ಹೊರಳಾಡಿ ಬಂದು ಬರೆದರೆ ಓದುವವರಿಗೆ ನಿಜ ನಡುವೆ ಎಲ್ಲಾದರೂ ಸಿಗುತ್ತೆ, ಎಂದಿದ್ದರು. ಮಲಗುವುದು ಅವನ ಪಾಲು, ಉಣ್ಣುವುದು ಅವಳ ಪಾಲು. ಭುಜಕ್ಕೆ ಜಾಗ ಇದೆಯೇ, ಕಾಲು ಚಾಚುವ ಗೂಡು ತುದಿಯಲ್ಲಿ ಕಿರಿದಾಗುತ್ತದೆಯೇ, ಮಗ್ಗುಲಾದರೆ ಮೊಣಕಾಲು ಮೇಜಿಗೆ ಬಡಿಯುತ್ತದೆಯೇ, ಇವು ಅವನವು, ಸಾರು ಬಿಸಿ ಇತ್ತೇ, ಲೋಟ ಖಾಲಿಯಾದದ್ದನ್ನು ಯಾರಾದರೂ ಕಂಡರೇ, ನಕ್ಕರೆ ಕಣ್ಣೂ ನಗುತ್ತಿತ್ತೇ, ಇವು ಅವಳವು. ಕಂಪನಿಗಳಿಗೂ ಅವರ ಒಳಗೊಳಗೇ ಅಡ್ಡಹೆಸರು. ಒಂದು ಅತ್ತೆಮನೆ, ಬಿಳಿ ಬಟ್ಟೆ, ಹೊಳೆಯುವ ಚಮಚ, ಎಲ್ಲವೂ ಒಪ್ಪ, ಎರಡನೇ ಸಲ ಕಾಫಿ ಕೇಳಿದರೆ ಮಾತ್ರ ಹುಬ್ಬು ಏರುತ್ತದೆ. ಒಂದು ತವರುಮನೆ, ಮಂಚವಾಗಬೇಕಾದ ಸೀಟು ಅರ್ಧಕ್ಕೆ ಸಿಕ್ಕಿಕೊಂಡರೆ ಗಗನಸಖಿಯೇ ಮೊಣಕಾಲಿನಿಂದ ಒಂದು ಗುದ್ದಿ ನೆಟ್ಟಗೆ ಮಾಡುತ್ತಾಳೆ, ಆಮೇಲೆ ಇನ್ನೊಂದು ಸ್ವಲ್ಪ ಬಡಿಸ್ಲಾ ಅನ್ನುತ್ತಾಳೆ, ಅದಕ್ಕೆ ಅಣ್ಣ ಕಣ್ಣುಮುಚ್ಚಿ ಅಂಕ ಕೊಡುತ್ತಿದ್ದ. ಇನ್ನೊಂದು ಮದುವೆಮನೆ, ಊಟ ಬೇಡ ಬೇಡ ಅನ್ನುವಷ್ಟು, ಕೂರಲು ಜಾಗವಿಲ್ಲ, ಕಿಟಕಿಯವನು ಏಳಬೇಕಾದರೆ ಪಕ್ಕದವನ ಕಾಲು ದಾಟಬೇಕು, ಈ ಸಲ ಹೋಗುವಾಗ ಕೂತದ್ದು ಅದರಲ್ಲೇ. ಉಳಿದದ್ದು ಇದೊಂದು, ವಾಪಸ್ಸು ಬರಲಿಕ್ಕೆ ಅಂತ ಇಟ್ಟುಕೊಂಡದ್ದು, ಪ್ರತಿ ಸೀಟಿಗೂ ಎಳೆಯುವ ಬಾಗಿಲು, ಬಿಳಿ, ಬೂದು, ಸದ್ದಿಲ್ಲ, ಚಿತ್ರ ನೋಡಿಯೇ ಅವಳು ಇದಕ್ಕೆ ಆಸ್ಪತ್ರೆ ಅಂತ ಹೆಸರಿಡೋಣ ಅಂದಿದ್ದಳು, ಅವನು ಬೇಡ ಅಂದ, ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀಬೇಡ, ಕೂತು ನೋಡೋಣ, ಮಲಗಿ ನೋಡೋಣ, ಆಮೇಲೆ ಹೆಸರು.

ಸೂಪು ತರಲಾ ಮೇಡಂ, ನರೆತ ಕೂದಲನ್ನು ಬಿಗಿದು ಕಟ್ಟಿದ ಗಗನಸಖಿ ಕೇಳುತ್ತಿದ್ದಾಳೆ, ಎಷ್ಟು ಹೊತ್ತಿನಿಂದ ನಿಂತಿದ್ದಾಳೋ, ಬೇಡ, ಏನಾದರೂ ಸ್ವಲ್ಪ, ಬೇಡ, ಆಗಲಿ — ಬಲವಂತ ಮಾಡಲಿಲ್ಲ, ಅತ್ತೆಮನೆಯವರಾಗಿದ್ದರೆ ಮೂರನೇ ಸಲ ಕೇಳಿ ಮುಖ ಸಣ್ಣದು ಮಾಡುತ್ತಿದ್ದರು, ಇವಳು ನೀರಿನ ಲೋಟ ಮಾತ್ರ ಇಟ್ಟು ಹೋದಳು, ಕೈಗೆ ಎಟುಕುವ ಕಡೆ ಇಟ್ಟಳು, ಅದಕ್ಕೆ ಅಂಕ ಕೊಡಬೇಕು. ಛೆ, ಏನಿದು, ಹಾಳು ಅಭ್ಯಾಸ, ಒಡಹುಟ್ಟಿದವನು ಹೋಗಿದ್ದಾನೆ, ತನಗೆ ಲೋಟ ಎಲ್ಲಿಟ್ಟರು ಎನ್ನುವುದು ಕಾಣುತ್ತದೆ. ಕಾಣಬೇಕಾದದ್ದು ಮಾತ್ರ ಕಾಣಲಿಲ್ಲ. ಅಲ್ಲಿ ಹೋಗಿ ಇಳಿದ ಸಂಜೆ ಹೋಟೆಲಿನ ಊಟದ ಕೋಣೆ, ಅವನು ಬ್ರೆಡ್ಡು ಮುರಿಯುತ್ತಾ ಎಡಭುಜವನ್ನು ಒಂದು ಥರ ಸುತ್ತಿಸುತ್ತಿದ್ದ, ಆ ಮದುವೆಮನೆ ಸೀಟು ನನ್ನ ಭುಜಾನ ತಿಂದುಬಿಡ್ತು ಕಣೇ, ಮೊಣಕೈವರೆಗೂ ಎಳೀತಿದೆ, ಮಗ್ಗುಲಾಗೋಕೇ ಬಿಡಲಿಲ್ಲ ಅದು, ಅವಳು ನಕ್ಕಳು, ಸರಿ, ಭುಜದ ಲೆಕ್ಕದಲ್ಲಿ ಅರ್ಧ ಅಂಕ ಕಳೀತೀನಿ ಬಿಡು, ಅರ್ಧ ಸಾಲದು, ಒಂದು ಕಳಿ, ಅಂದ, ಬೆವರಿದ್ದ, ಕೋಣೆ ಸೆಕೆ ಅಂದುಕೊಂಡಳು, ಸೀಟಿನ ತಪ್ಪು ಅಂದುಕೊಂಡಳು, ಇಬ್ಬರೂ ಹಾಗೇ ಅಂದುಕೊಂಡರು, ಸೀಟುಗಳ ತಪ್ಪು ಹುಡುಕುವುದರಲ್ಲಿ ಪಳಗಿದವರು ಇಬ್ಬರೂ. ಬೆಳಿಗ್ಗೆ ತಿಂಡಿಗೆ ಅವನು ಇಳಿದು ಬರಲಿಲ್ಲ, ಸೋಮಾರಿ, ಮಲಗಿರಲಿ ಎಂದು ಅವನ ಪಾಲಿನ ಮೊಟ್ಟೆಯನ್ನೂ ಅವಳೇ ತಿಂದಳು, ಹಾಯಾಗಿ, ಇನ್ನೊಂದು ಕಾಫಿ ಹಾಕಿಸಿಕೊಂಡು. ಆಮೇಲೆ ಡಾಕ್ಟರು ಹೇಳಿದರು, ನಿದ್ದೆಯಲ್ಲೇ ಆಗಿದೆ, ಹೃದಯ, ಗೊತ್ತೇ ಆಗಿರಲಿಕ್ಕಿಲ್ಲ. ಗೊತ್ತಾಗಿತ್ತು ಡಾಕ್ಟರೇ, ಅವನು ಹೇಳಿದ್ದ, ನಾನು ಅದಕ್ಕೆ ಅಂಕ ಹಾಕಿದೆ.

ಅಮ್ಮ ಫೋನಿನಲ್ಲಿ ಅಳಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬದುಕು ಸವೆಸಿದವಳು, ಊರವರ ಸಾವಿನ ಸುದ್ದಿಯನ್ನೆಲ್ಲ ಕಿವಿಗೆ ಸಿಕ್ಕಿಸಿಕೊಂಡು ತಂತಿ ಜೋಡಿಸಿ ಕೊಟ್ಟವಳು, ಫೋನು ಹಿಡಿದರೆ ಅಮ್ಮನ ದನಿ ಈಗಲೂ ಕೆಲಸದ ದನಿ ಆಗುತ್ತದೆ, ಚುಟುಕು, ಸ್ಪಷ್ಟ. ವಿಮಾನ ಹತ್ತುವ ಮುಂಚೆ ಇವಳೇ ಫೋನು ಮಾಡಿದ್ದಳು, ಹೊರಟ್ವಿ ಅಮ್ಮ, ಎಂದಳು, ಇಬ್ಬರೂ ಹೊರಟ ಹಾಗೆ. ಸರಿ. ಅವನನ್ನ ಎಲ್ಲಿ ಮಲಗಿಸ್ತಾರೆ. ಕೆಳಗೆ ಅಮ್ಮ, ಸಾಮಾನು ಇಡೋ ಕಡೆ. ನೀನು ಎಲ್ಲಿರ್ತೀಯ. ಮೇಲೆ. ಅಲ್ಲಿ ಚಳಿ ಇರುತ್ತಾ. ಇರುತ್ತೆ ಅಂತಾರೆ. ಅವನಿಗೆ ಏನಾದ್ರೂ ಹೊದಿಸಿದಾರಾ. ಹೊದಿಸಿದಾರೆ ಅಮ್ಮ. ನೀನು ನೋಡ್ದೆಯಾ. ನೋಡ್ದೆ. ನೋಡಿದ್ದಳು, ಶವಾಗಾರದಲ್ಲಿ, ಇವರೇ ಹೌದಾ ಎಂದು ಗುರುತು ಹಿಡಿಯಲು ಕರೆದಾಗ, ಮುಖದ ಮೇಲಿನ ಬಟ್ಟೆ ಸರಿಸಿದರು, ಅವಳು ಮುಖವನ್ನು ಸರಿಯಾಗಿ ನೋಡಲೇ ಇಲ್ಲ, ಅವಳ ಕಣ್ಣು ಅತ್ತ ತುದಿಗೆ ಹೋಗಿತ್ತು, ಅವರ ಬಿಳಿ ಬಟ್ಟೆ ಅವನ ಉದ್ದಕ್ಕೆ ಸಾಲದೆ ಬಲಗಾಲಿನ ಪಾದ ಹೊರಗಿತ್ತು, ಹೌದು ಇವನೇ, ಎಂದಳು, ಪಾದ ನೋಡಿಕೊಂಡೇ. ಅಲ್ಲಿನ ಕೆಲಸದವನು ಮರ್ಯಾದಸ್ಥ, ಬಟ್ಟೆ ಎಳೆದು ಮುಚ್ಚಲು ಬಗ್ಗಿದ, ಅವಳು ಬೇಡ ಅಂದಳು. ಯಾಕೆ ಎಂಬಂತೆ ನೋಡಿದ. ಬೇಡ, ಹಾಗೇ ಇರಲಿ ಬಿಡಿ, ಅವನಿಗೆ ಸೆಕೆ ಆಗುತ್ತೆ. ಅವನು ಬಟ್ಟೆಯ ಅಂಚು ಕೈಯಲ್ಲಿ ಹಿಡಿದುಕೊಂಡೇ ನಿಂತ, ಆಮೇಲೆ ಮೆಲ್ಲಗೆ ಬಿಟ್ಟ. ಕಾಲು ಮುಚ್ಚಿದರೆ ಅಣ್ಣನಿಗೆ ನಿದ್ದೆ ಬರುವುದಿಲ್ಲ, ಎಂಥ ಕಂಬಳಿಯಾಗಲಿ, ಯಾವ ಕಂಪನಿಯದಾಗಲಿ, ಎಷ್ಟೇ ಚಳಿಯಿರಲಿ ಒಂದು ಕಾಲು ಆಚೆ ಇರಬೇಕು, ಇದನ್ನು ಯಾರಿಗೆ ಹೇಳುವುದು, ಸರಕಿನ ವಿಭಾಗದಲ್ಲಿ ಮುದ್ರೆ ಒತ್ತುವ ಗುಮಾಸ್ತನಿಗೆ ಹೇಳುವುದೇ.

ಹಾಸಿಗೆ ಮಾಡಿಕೊಡ್ಲಾ ಮೇಡಂ, ಮತ್ತೆ ಅದೇ ಗಗನಸಖಿ, ಸುತ್ತಲೂ ಬಾಗಿಲುಗಳು ಎಳೆದುಕೊಂಡಿವೆ, ಎಲ್ಲರೂ ಅಡ್ಡಾಗಿದ್ದಾರೆ, ಪಕ್ಕದವರು ಬರಲಿಲ್ಲವಾ, ಅವರ ಹೊದಿಕೇನೂ ನಿಮ್ಮ ಕೆಳಗೆ ಹಾಸಿಬಿಡ್ತೀನಿ, ಮೆತ್ತಗಿರುತ್ತೆ. ಬಂದಿದಾನೆ, ಎಂದಳು ಅವಳು. ಬಂದಿದಾರಾ. ಬಂದಿದಾನೆ, ಕೆಳಗಿದಾನೆ. ಗಗನಸಖಿ ಒಂದು ಕ್ಷಣ ನೆಲ ನೋಡಿದಳು, ಏನೋ ಬಿದ್ದಿದೆ ಎಂಬಂತೆ, ಆಮೇಲೆ ಅವಳ ಮುಖದಲ್ಲಿದ್ದ ಕೆಲಸದ ನಗು ಸದ್ದಿಲ್ಲದೆ ಇಳಿಯಿತು, ಎದುರಿನ ಕಾಲುಮಣೆಯ ಮೇಲೆ, ಅಣ್ಣ ತಟ್ಟೆ ಹಿಡಿದು ಬಂದು ಇವಳ ಎದುರು ಕೂರುತ್ತಿದ್ದನಲ್ಲ ಅಂಥದೇ ಮಣೆ, ಅದರ ಮೇಲೆ ಕೂತಳು. ಕೆಳಗೆ ಒಬ್ಬರಿದಾರೆ ಅಂತ ನಮಗೆ ಹೇಳಿರ್ತಾರೆ, ಮೇಲೆ ಯಾರಿದಾರೆ ಅಂತ ಯಾರೂ ಹೇಳಲ್ಲ, ಎಂದಳು. ಯಜಮಾನರಾ. ಅಣ್ಣ. ಅಯ್ಯೋ, ಅಂದಳು. ಎಲ್ಲಿದಾನೆ ಅವನು, ಮುಂದೇನಾ ಹಿಂದೇನಾ, ಕೇಳಿಬಿಟ್ಟಳು ಇವಳು, ಕೇಳಬೇಕೆಂದು ಹತ್ತಿದಾಗಿನಿಂದ ಒದ್ದಾಡುತ್ತಿದ್ದುದು ಇದನ್ನೇ ಎಂದು ಆಗ ಗೊತ್ತಾಯಿತು. ಗಗನಸಖಿ ಎದ್ದು ಹೋದಳು, ಮುಂದೆ ಯಾರದೋ ಹತ್ತಿರ ಪಿಸುಗುಟ್ಟಿ ಬಂದಳು, ಮುಂದಿನ ಭಾಗದಲ್ಲೇ ಮೇಡಂ, ಹೆಚ್ಚು ಕಮ್ಮಿ ನಿಮ್ಮ ಕೆಳಗೇ. ಹಾಗಾದ್ರೆ ಹಾಸಿ, ಎಂದಳು ಅವಳು. ಇದು ನನಗೆ ಸಾಕು, ಅವನ ಹೊದಿಕೆ ಅಲ್ಲೇ ಇರಲಿ.

ಸೀಟು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಒಳ್ಳೆಯ ಸೀಟು ಅಣ್ಣ, ನಿನ್ನ ಭುಜಕ್ಕೂ ಜಾಗವಿದೆ, ತುದಿಯ ಗೂಡೂ ಅಗಲ, ನನ್ನ ಕಾಲು ಅಲ್ಲಿಗೆ ಮುಟ್ಟುವುದೇ ಇಲ್ಲ, ನಿನಗೆಂದೇ ಅಳತೆ ತೆಗೆದು ಮಾಡಿದ ಹಾಗಿದೆ, ಇದಕ್ಕೆ ನೀನು ಪೂರ್ತಿ ಅಂಕ ಕೊಡುತ್ತಿದ್ದೆ, ಹೆಸರೊಂದು ಉಳಿಯಿತು. ಮೇಲೆ ಅವಳು, ಕೆಳಗೆ ಅವನು, ಮೊದಲಿನಿಂದಲೂ ಹಾಗೇ ಅಲ್ಲವೇ, ಅಮ್ಮ ಪಾಳಿಗೆ ಹೋಗುವ ಮುಂಚೆ ಮಲಗಿಸುತ್ತಿದ್ದ ಆ ಸಣ್ಣ ಕೋಣೆ, ಒಂದರ ಮೇಲೊಂದು ಕಬ್ಬಿಣದ ಮಂಚ, ಮೇಲಿನದು ಅವಳದು, ಹಗುರ ಇರೋಳು ಮೇಲಿರಲಿ, ಏಣಿ ಮುರಿದು ಬಿದ್ದರೆ ಮನೆ ಉಳಿಯಲ್ಲ, ಎನ್ನುತ್ತಿದ್ದಳು ಅಮ್ಮ. ಭಯವಾದರೆ ಅವಳು ಅಂಚಿನಿಂದ ಬಗ್ಗಿ ನೋಡುತ್ತಿದ್ದಳು, ಮುಖ ಕಾಣುತ್ತಿರಲಿಲ್ಲ, ತಲೆಯವರೆಗೂ ಮುಸುಕು, ಕಾಣುತ್ತಿದ್ದುದು ಹೊದಿಕೆಯಾಚೆ ಚಾಚಿದ ಆ ಒಂದು ಪಾದವಷ್ಟೇ, ಅದು ಕಂಡರೆ ಸಾಕು, ಅಣ್ಣಾ ಎನ್ನುತ್ತಿದ್ದಳು ಮೆಲ್ಲಗೆ, ಅವನು ಮಾತಾಡದೆ ಹೆಬ್ಬೆರಳು ಅಲ್ಲಾಡಿಸುತ್ತಿದ್ದ, ಇದ್ದೀನಿ, ಮಲಕ್ಕೋ. ಈಗ ಬೋರಲು ಮಲಗಿದ್ದಾಳೆ, ಅಂಚಿನಿಂದ ಕೈ ಇಳಿಬಿಟ್ಟಿದ್ದಾಳೆ, ಬೆರಳಿಗೆ ನೆಲಹಾಸಿನ ಒರಟು ರೋಮ, ಅದರ ಕೆಳಗೆ ತಗಡು, ತಗಡಿನ ಕೆಳಗೆ ಚಳಿ, ಚಳಿಯಲ್ಲಿ ಪೆಟ್ಟಿಗೆ, ಮುಚ್ಚುವಾಗ ಯಾರಾದರೂ ಸರಿಮಾಡಿರುತ್ತಾರೆ, ಕೆಲಸ ಬಲ್ಲವರು, ಕಾಲನ್ನು ಒಳಗೆ ಸೇರಿಸಿ ಒಪ್ಪವಾಗಿ ಹೊದಿಸಿರುತ್ತಾರೆ, ಹೊದಿಸಿದಾರೆ ಅಮ್ಮ, ನೋಡ್ದೆ ಅಮ್ಮ — ಇಲ್ಲ, ಹೊದಿಸಿರಲಿಕ್ಕಿಲ್ಲ, ಶವಾಗಾರದವನು ಅಂಚು ಬಿಟ್ಟಿದ್ದನಲ್ಲ, ಹಾಗೇ ಇದೆ, ಬಿಳಿ ಬಟ್ಟೆ, ಅದರಾಚೆ ಬಲಗಾಲಿನ ಪಾದ, ಅಣ್ಣಾ, ಹೆಬ್ಬೆರಳು, ಅಣ್ಣಾ — ಪಾದ, ಬಟ್ಟೆಯ ಹೊರಗೆ, ಅಲ್ಲಾಡದೆ.