ಚಪ್ಪರದ ಕೆಳಗಿನ ಹುಲ್ಲು

೧೯೭೮ರ ಚಳಿಗಾಲ. ತಿಕೋಟಾದಲ್ಲಿ ಚಮನಸಾಬನ ದ್ರಾಕ್ಷಿ ತೋಟದೊಳಗೆ ಎರಡು ತಿಂಗಳಿಂದ ಕುರಿಗಾರ ಅಮೋಗಿಯ ಕುರಿಗಳು ಮೇಯುತ್ತಿದ್ದವು. ಬಬಲೇಶ್ವರದ ಸಾಲೆಯಲ್ಲಿ ಜೊತೆಗೆ ಕೂತು ಓದಿದ ಗೆಳೆಯರು ಅವರಿಬ್ಬರು. ಕುರಿಗೆ ಮೇವಾಯಿತು, ತೋಟಕ್ಕೆ ಗೊಬ್ಬರವಾಯಿತು ಎಂದು ಚಮನಸಾಬನೇ ಒತ್ತಾಯ ಮಾಡಿ ಕರೆಸಿಕೊಂಡಿದ್ದ.

ಆಮೇಲೆ ಕುರಿಗಳು ಸಾಯತೊಡಗಿದವು. ಸಂಜೆ ಚೆನ್ನಾಗಿ ಮೇದದ್ದು ಬೆಳಿಗ್ಗೆ ಏಳುತ್ತಿರಲಿಲ್ಲ. ಕಣ್ಣು ಅರಿಷಿಣದಂತೆ, ಉಚ್ಚೆ ಕರಿ ಚಹಾದಂತೆ. ಹದಿನಾಲ್ಕು ಹೋದ ಮೇಲೆ ಅಮೋಗಿ ಹೆಂಡತಿ ಸಾವಂತ್ರವ್ವನನ್ನು ಕುರಿ ಕಾಯಲು ಬಿಟ್ಟ; ಗೆಳೆಯರಿಬ್ಬರೂ ವಿಜಾಪುರದ ದನದ ದವಾಖಾನೆಗೆ ಹೋದರು.

ಡಾಕ್ಟರ್ ಶಾಂತಪ್ಪನವರಿಗೂ ರೋಗ ತಿಳಿಯಲಿಲ್ಲ. ಅವರು ಒಂದು ಉದ್ದನೆಯ ಹಾಳೆ ತೆಗೆದರು. ಪುಣೆಯಲ್ಲಿ ಕಂಪ್ಯೂಟರ್ ಎಂಬ ಯಂತ್ರಕ್ಕೆ ದನಕುರಿಗಳ ಬೇನೆಗಳನ್ನೆಲ್ಲ ಕಲಿಸಿದ್ದಾರೆ, ಈ ಹಾಳೆ ತುಂಬಿ ಕಳಿಸಿದರೆ ಅದು ರೋಗದ ಹೆಸರು ಅಚ್ಚು ಹಾಕಿ ಕೊಡುತ್ತದೆ, ಇನ್ನೂ ಪ್ರಯೋಗ ನಡೆದಿದೆ ಎಂದರು. ಅರವತ್ತು ಪ್ರಶ್ನೆಗಳು. ಅಮೋಗಿ ತಡವರಿಸಿದಲ್ಲೆಲ್ಲ ಚಮನಸಾಬ ಉತ್ತರ ಹೇಳಿದ.

“ವಿಷದ ಔಷಧ ಹೊಡದ ಜಾಗಾದಾಗ ಮೇಯ್ದಾವೇನು?”

“ಇಲ್ರಿ ಸಾಹೇಬ್ರ. ನನ್ನ ತ್ವಾಟದಾಗ ಅದಾವು.”

ಮೂರು ವಾರಕ್ಕೆ ಡಾಕ್ಟರರ ಕಾರ್ಡು ಬಂತು. ಇಬ್ಬರೂ ಹೋದಾಗ ಮೇಜಿನ ಮೇಲೆ ಪುಣೆಯ ಯಂತ್ರದಿಂದ ಬಂದ, ಅಂಚಿಗೆ ತೂತುಗಳಿದ್ದ ಅಗಲವಾದ ಕಾಗದವಿತ್ತು.

“ಮೂರು ಹೆಸರು ಕೊಟ್ಟೈತಿ. ಮೊದಲನೇದು ತಾಮ್ರದ ವಿಷ,” ಎಂದರು ಡಾಕ್ಟರು. “ನನಗ ಹೊಳದಿದ್ದಿಲ್ಲ. ಕುರಿಗೆ ತಾಮ್ರ ತಡಿಯಂಗಿಲ್ಲ. ಒಳಗ ಕೂಡಿ ಕೂಡಿ ಒಮ್ಮಿಗೇ ಕೊಲ್ತೈತಿ. ಆದ್ರ ಇವಕ್ಕ ತಾಮ್ರ ಎಲ್ಲಿಂದ ಬಂತು?”

“ನಮ್ಮಲ್ಲಿ ತಾಮ್ರದ್ದು ಒಂದು ತಂಬಿಗಿನೂ ಇಲ್ರಿ,” ಎಂದ ಅಮೋಗಿ.

ಚಮನಸಾಬನಿಗೆ ತೋಟದ ಹುಲ್ಲು ನೆನಪಾಯಿತು. ಬಳ್ಳಿ ಸವರಿದ ಮೇಲೆ ಬೂಜು ಹತ್ತದಿರಲೆಂದು ಅವನು ವಾರವಾರವೂ ಮೈಲುತುತ್ತದ ನೀಲಿ ಹರಳಿಗೆ ಸುಣ್ಣ ಕಲೆಸಿ ಹೊಡೆದಿದ್ದ. ಚಪ್ಪರದಿಂದ ಹನಿ ತೊಟ್ಟಿಕ್ಕಿ ಕೆಳಗಿನ ಹುಲ್ಲೆಲ್ಲ ನೀಲಿಯಾಗಿತ್ತು. ಅದು ಬಳ್ಳಿಯ ಔಷಧ. ವಿಷವೆಂದು ಅವನಿಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ.

“ಮೈಲುತುತ್ತದಾಗ ತಾಮ್ರ ಇರ್ತೈತೇನ್ರಿ?”

“ಅದು ತಾಮ್ರದಿಂದನ ಮಾಡಿದ್ದು. ಯಾಕ?”

ಚಮನಸಾಬ ಗೆಳೆಯನ ಕಡೆ ತಿರುಗಿದ. “ಅಮೋಗಿ, ನನ್ನ ತ್ವಾಟದ ಹುಲ್ಲೇ ಕೊಂದೈತೋ. ಈಗೂ ಅದನ್ನ ಮೇಯಾಕತ್ತಾವು.”

ಇಬ್ಬರೂ ಬಸ್ಸಿಗೆ ಓಡಿದರು. ಅಥಣಿ ರಸ್ತೆಯುದ್ದಕ್ಕೂ ಅಮೋಗಿ ಕಿಟಕಿಯ ಹೊರಗೇ ನೋಡುತ್ತಿದ್ದ. ತಿಕೋಟಾ ಹತ್ತಿರವಾದಾಗ ಒಂದೇ ಮಾತು ಕೇಳಿದ: “ಮೊನ್ನೆ ಸಾವಂತ್ರಿ ಹುಲ್ಲು ನೀಲಿ ಐತಿ ಅಂದಾಗ, ಏನೂ ಆಗಂಗಿಲ್ಲ ಅಂದಾಂವ ನೀನ ಅಲ್ಲೇನು?”

“ಹೌದು, ನಾನ ಅಂದಿದ್ದೆ,” ಎಂದ ಚಮನಸಾಬ.

ತೋಟದಲ್ಲಿ ಸಾವಂತ್ರವ್ವ ಕುರಿಗಳ ನಡುವೆ ಕೂತಿದ್ದಳು. ವಿಷಯ ಕೇಳಿದ್ದೇ ಅವಳು ಎದ್ದು ಕುರಿಗಳನ್ನು ಹೊರಗೆ ಹೊಡೆದಳು. ಮೈಯೊಳಗೆ ಕೂಡಿದ್ದ ವಿಷಕ್ಕೆ ಆಮೇಲೂ ಒಂಬತ್ತು ಸತ್ತವು. ಉಳಿದವನ್ನು ಹೊಡೆದುಕೊಂಡು ಗಂಡಹೆಂಡತಿ ಜೈನಾಪುರದ ಕಡೆ ಹೋದರು.

ಆ ವರ್ಷ ಚಮನಸಾಬ ಊರಿನ ಒಂದೊಂದೇ ತೋಟಕ್ಕೆ ಹೋಗಿ, ಚಪ್ಪರದ ಕೆಳಗೆ ಕುರಿ ಬಿಡಬೇಡಿ ಎಂದು ಹೇಳಿ ಬಂದ. ಯಾಕೆಂದು ಕೇಳಿದವರಿಗೆ, ತಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದ.