ಕಾದ ತಕ್ಕಡಿ

“ನೀನು ಮತ್ತೆ ಆಳಕ್ಕೆ ಇಳಿಯೋ ದಿನ ದಂಡೆ ಮೇಲೆ ನಾನಿರ್ತೀನಿ. ತಲೆ ಮೇಲೆ ತಲೆ ಬಿದ್ರೂ ಇರ್ತೀನಿ,” ಎಂದು ಅಪ್ಪ ಮಗಳಿಗೆ ಮಾತು ಕೊಟ್ಟು ಆರು ವರ್ಷವಾಗಿತ್ತು. ಆಗ ಅವಳಿಗೂ ಆರೇ ವರ್ಷ. ಈಜುಕೊಳದ ಆಳದ ಕಡೆ ಕಾಲು ಜಾರಿ ಬಿದ್ದು, ನಾಲ್ಕು ಗುಟುಕು ನೀರು ಕುಡಿದು ಮೇಲೆ ಬಂದಿದ್ದಳು. ಎತ್ತಿದವರು ಯಾರೋ ಬೇರೆಯವರು. ಅಪ್ಪ ಆ ಹೊತ್ತಿಗೆ ಸರಿಯಾಗಿ ಟವೆಲ್ ತರಲು ಹೋಗಿದ್ದ. ಆಮೇಲೆ ಅವಳು ನೀರನ್ನೇನೂ ಬಿಡಲಿಲ್ಲ. ಎದೆಮಟ್ಟದ ನೀರು ದಾಟಿ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಆ ಗೋಡೆಯಿಂದ ಈ ಗೋಡೆಗೆ ಅಡ್ಡಡ್ಡ ಈಜುತ್ತಲೇ ಬೆಳೆದಳು. “ನಮ್ಮದು ಗಾಜಿನ ಡಬ್ಬಿ ಮೀನು,” ಎಂದು ಅವಳಮ್ಮ ನಗುತ್ತಿದ್ದಳು.

ಈಗ ಶಾಲೆಯ ಈಜು ತಂಡಕ್ಕೆ ಆಯ್ಕೆ. ಆಳದ ತುದಿಯಿಂದ ಹಾರಿ ಈ ತುದಿ ಮುಟ್ಟಬೇಕು. ಶುಕ್ರವಾರ ಸಂಜೆ ಐದಕ್ಕೆ. ಅಮ್ಮನಿಗೆ ಅಂಗಡಿಯಲ್ಲಿ ರಾತ್ರಿ ಎಂಟರವರೆಗೆ ಪಾಳಿ.

“ಹಾರೋವಾಗ ನಿನ್ ಮುಖ ಕಾಣ್ಬೇಕು ಅಪ್ಪಾ. ಮೊಬೈಲ್‌ನಲ್ಲಿ ಅಲ್ಲ,” ಎಂದಿದ್ದಳು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ.

“ನಾಲ್ಕಕ್ಕೆ ಹೊರಡ್ತೀನಿ ತಾಯಿ. ನಾಲ್ಕೂ ಮುಕ್ಕಾಲಿಗೆ ಅಲ್ಲಿರ್ತೀನಿ. ಸಾಕಾ?”

“ನೀನು ‘ಸಾಕಾ’ ಅಂದಾಗ್ಲೆಲ್ಲಾ ಏನೋ ಒಂದು ಕಡಿಮೆ ಬೀಳುತ್ತೆ,” ಎಂದು ಹುಡುಗಿ ಓಡಿದಳು.

ಅಪ್ಪನ ಕೆಲಸ ಹಸುಗೂಸುಗಳಿಗೆ ತಿನ್ನಿಸುವ ಹಿಟ್ಟಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಹಿಟ್ಟಿನಲ್ಲಿ ಎಷ್ಟು ತೇವ ಉಳಿದಿದೆಯೆಂದು ಅಳೆದು ಸಹಿ ಹಾಕುವುದು. ಹದಿನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರ ಬಾಯಲ್ಲೂ ತೇವಪ್ಪ. ನೂರು ಗ್ರಾಂ ಹಿಟ್ಟಿನಲ್ಲಿ ನೀರು ಐದು ಗ್ರಾಂ ಮೀರಬಾರದು. ಮೀರಿದರೆ ಡಬ್ಬಿಯೊಳಗೆ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ತಿನ್ನುವ ಕೂಸಿಗೆ ದೂರು ಹೇಳಲು ಇನ್ನೂ ಮಾತು ಬಂದಿರುವುದಿಲ್ಲ.

ಅಳೆಯುವ ಹ್ಯಾಲೋಜನ್ ಯಂತ್ರ ಮೇಜಿನ ಮೇಲೆ ಒಂದು ಮಿಕ್ಸಿಯಷ್ಟು ಜಾಗ ಹಿಡಿದು ಕೂತಿತ್ತು. ಕೆಳಗೆ ತಕ್ಕಡಿ, ಮುಚ್ಚಳದೊಳಗೆ ಬಳೆಯಂಥ ದೀಪ. ಅಲ್ಯೂಮಿನಿಯಂ ತಟ್ಟೆಯಲ್ಲಿ ಐದು ಗ್ರಾಂ ಹಿಟ್ಟನ್ನು ತೆಳ್ಳಗೆ ಹರಡಿ ಮುಚ್ಚಳ ಹಾಕಿ ಗುಂಡಿ ಒತ್ತಿದರೆ, ಅದು ಮೊದಲ ತೂಕ ನೆನಪಿಟ್ಟುಕೊಂಡು ದೀಪ ಹೊತ್ತಿಸುತ್ತದೆ. ನೀರು ಹಾರಿದಷ್ಟೂ ತೂಕ ಇಳಿಯುತ್ತದೆ. ಇನ್ನು ಇಳಿಯುವುದಿಲ್ಲ ಎಂದಾಗ ಪೀಂ ಎಂದು ಕೂಗಿ, ಶೇಕಡಾ ಎಷ್ಟು ಹೋಯಿತೆಂದು ತೋರಿಸುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಎರಡನೆಯದನ್ನು ಇಡುವ ಮುಂಚೆ ಮುಚ್ಚಳ ತೆಗೆದು ಕಾಲು ಗಂಟೆ ಆರಲು ಬಿಡಬೇಕು. ಹೊಸದಾಗಿ ಸೇರಿದವರಿಗೆಲ್ಲ ತೇವಪ್ಪ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು.

ಶುಕ್ರವಾರ ಮೂರೂ ಇಪ್ಪತ್ತಕ್ಕೆ ಇಟ್ಟ ಹಿಟ್ಟು ಮೂರೂವರೆಗೆ 5.42 ತೋರಿಸಿತು.

ಹಿಟ್ಟು ಒಣಗಿಸುವ ಭಟ್ಟಿಯ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. “ಏನ್ರೀ ತೇವಪ್ಪ, ಮುಖ ಯಾಕೆ ಸೋರ್ತಿದೆ?”

“ಐದು ಪಾಯಿಂಟ್ ನಾಲ್ಕು ಎರಡು.”

“ಸಾಧ್ಯಾನೇ ಇಲ್ಲ! ನನ್ ಭಟ್ಟೀಲಿ ಒಣಗಿದ ಹಿಟ್ಟು, ಸೀನಿದ್ರೆ ಪಕ್ಕದೂರಿಗೆ ಹೋಗುತ್ತೆ. ನಿಮ್ ಯಂತ್ರಕ್ಕೇ ಬೆವರು ಬಂದಿರ್ಬೇಕು. ಇನ್ನೊಂದ್ ಸಲ ಇಡಿ. ನಾಲ್ಕಕ್ಕೆ ಲಾರಿ ಬರುತ್ತೆ.”

ಇನ್ನೊಂದು ಸಲ ಇಡುವುದು ನಿಯಮವೂ ಆಗಿತ್ತು. ಎರಡು ಅಂಕಿ ಹೊಂದಿದರೆ ಮಾತ್ರ ಸಹಿ. ತೇವಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಆರಲು ಕಾಲು ಗಂಟೆ, ಅಳೆಯಲು ಹತ್ತು ನಿಮಿಷ. ಅದೂ ಹೊಂದದಿದ್ದರೆ ಮತ್ತೆ ಕಾಲು, ಮತ್ತೆ ಹತ್ತು. ನಾಲ್ಕೂ ಇಪ್ಪತ್ತು ದಾಟುತ್ತದೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ ಎರಡು ಸಲ ತಿರುಗಿದ. ಗಡಿಯಾರ ನೋಡಿದ. ಮೂರು ನಿಮಿಷವೂ ಆಗಿರಲಿಲ್ಲ. ಎರಡನೇ ತಟ್ಟೆ ಇಟ್ಟೇಬಿಟ್ಟ.

ಗುಂಡಿ ಒತ್ತುವ ಮುಂಚೆಯೇ ತೂಕ ಜಾರುತ್ತಿತ್ತು: 5.013, 5.009, 5.004. ಫ್ಯಾನಿನ ಗಾಳಿಯಿರಬೇಕೆಂದು ಫ್ಯಾನ್ ಆರಿಸಿ ಬಂದ. ಆಗಲೂ ಜಾರುತ್ತಿತ್ತು. ಒತ್ತಿದ.

4.79.

ಮೂರನೆಯದಕ್ಕೆ ಅಷ್ಟು ಹೊತ್ತೂ ಕಾಯಲಿಲ್ಲ. 4.76.

“ನಾನೇನ್ ಹೇಳ್ದೆ?” ಮೇಸ್ತ್ರಿ ಬಾಗಿಲಿನ ಚೌಕಟ್ಟಿಗೆ ಒಂದು ಏಟು ಕೊಟ್ಟ.

ಎರಡು ಹೊಂದಿದವು. ಮೊದಲನೆಯದರ ಮುಂದೆ ‘ಚಮಚ ಒದ್ದೆಯಿದ್ದಿರಬಹುದು’ ಎಂದು ಬರೆದು ಗೀಟು ಹೊಡೆದ ತೇವಪ್ಪ, ಸಹಿ ಹಾಕಿ, ಮೊಹರು ಒತ್ತಿ, ಯಂತ್ರದ ಮುಚ್ಚಳ ಧಡ್ಡನೆ ಹಾಕಿ ಹೊರಬಿದ್ದ. ನಾಲ್ಕೂ ಐದರ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ‘ಬಸ್ಸಲ್ಲಿದ್ದೀನಿ’ ಎಂದು ಮಗಳಿಗೆ ಸಂದೇಶ ಕಳಿಸಿದ.

ಆದರೂ ಕೂತಲ್ಲಿ ಕೂರಲಾಗಲಿಲ್ಲ. ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಬಲಗೈಯ ತೋರುಬೆರಳ ತುದಿ ಚುರುಗುಟ್ಟುತ್ತಿತ್ತು. ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತ ಎರಡು ನಿಲ್ದಾಣ ದಾಟಿದ. ಮೂರನೆಯದರಲ್ಲಿ ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡಿದ. ಕೆಂಪಗಿತ್ತು. ತಟ್ಟೆ ಇಡುವಾಗ ಸುಟ್ಟಿದ್ದು.

ಬೆರಳು ಸುಡುವಷ್ಟು ಕಾದ ಜಾಗದಲ್ಲಿ ಹಿಟ್ಟಿಟ್ಟರೆ ಅದೇನು ಸುಮ್ಮನೆ ಕೂತಿರುತ್ತದೆಯೇ? ಗುಂಡಿ ಒತ್ತುವ ಮುಂಚೆಯೇ ನೀರು ಹಾರತೊಡಗಿತ್ತು. ಲೆಕ್ಕಕ್ಕೆ ಬಂದದ್ದು ಉಳಿದ ನೀರು ಮಾತ್ರ. ತಣ್ಣಗಿದ್ದ ಯಂತ್ರ ಹೇಳಿದ ಒಂದೇ ಒಂದು ನಿಜಕ್ಕೆ ಅವನು ಗೀಟು ಹೊಡೆದಿದ್ದ.

ಮೇಸ್ತ್ರಿಗೆ ಫೋನ್ ಮಾಡಿದ. “ಲಾರಿ ತಡೀರಿ. ನನ್ ಸಹಿ ತಪ್ಪು.”

“ಅರ್ಧ ಲೋಡಾಗಿದೆ ಮಾರಾಯರೇ! ನೀವು ಹೇಳಿದ್ರಿ ಅಂತ ನಾನು ತಡೆದ್ರೆ ನನ್ ತಲೆ ಹೋಗುತ್ತೆ. ಸಹಿ ಮಾಡಿದವ್ರೇ ಬಂದು ಹೊಸ ಅಂಕಿ ಬರ್ದು ರದ್ದು ಮಾಡ್ಬೇಕು. ಇಲ್ಲಾಂದ್ರೆ ಐದೂವರೆಗೆ ಗಾಡಿ ಹೊರಡುತ್ತೆ.”

ತೇವಪ್ಪ ಮುಂದಿನ ನಿಲ್ದಾಣದಲ್ಲಿ ಇಳಿದ. ರಸ್ತೆ ದಾಟಿದ. ಕಾರ್ಖಾನೆ ಕಡೆ ಹೋಗುವ ಬಸ್ಸು ಕಾಣದೆ ಅರ್ಧ ದಾರಿ ಓಡಿದ, ಉಳಿದರ್ಧಕ್ಕೆ ಆಟೋ ಸಿಕ್ಕಿತು.

ಪ್ರಯೋಗಾಲಯಕ್ಕೆ ಬಂದಾಗ ನಾಲ್ಕೂ ಮೂವತ್ತೈದು. ಅವಸರದಲ್ಲಿ ಮುಚ್ಚಳ ಮುಚ್ಚಿ ಹೋಗಿದ್ದರಿಂದ ಯಂತ್ರ ಇನ್ನೂ ಕಾದೇ ಇತ್ತು. ಮುಚ್ಚಳ ತೆಗೆದ. ಇನ್ನು ಕಾಯುವುದೊಂದೇ ಕೆಲಸ. ಊದುವಂತಿಲ್ಲ, ಒದ್ದೆ ಬಟ್ಟೆ ಹಾಕುವಂತಿಲ್ಲ. ಅವಸರ ಮಾಡಿದರೆ ಮತ್ತದೇ ಸುಳ್ಳು ಅಂಕಿ. ಹೊರಗೆ ಲಾರಿಗೆ ಪೆಟ್ಟಿಗೆ ಎಸೆಯುವ ಸದ್ದು ಲೆಕ್ಕ ತಪ್ಪದೆ ಬರುತ್ತಿತ್ತು. ತೇವಪ್ಪ ಕೂತ, ಎದ್ದ, ಮತ್ತೆ ಕೂತ. ಮಗಳಿಗೆ ಫೋನ್ ಮಾಡಿದ.

“ಎಲ್ಲಿದ್ದೀಯಪ್ಪಾ? ಯಾವ್ ಸ್ಟಾಪು?”

“ಕಾರ್ಖಾನೇಲಿ.”

ಆ ಕಡೆ ನೀರಿನ ಸದ್ದು, ಯಾರದೋ ಸೀಟಿ.

“ಬಸ್ಸಲ್ಲಿದ್ದೀನಿ ಅಂದ್ಯಲ್ಲ?”

“ಇದ್ದೆ. ಇಳಿದು ವಾಪಸ್ ಬಂದೆ. ಒಂದು ತಪ್ಪು ಮಾಡಿದ್ದೆ, ನಾನೇ. ಬೇಗ ಹೊರಡ್ಬೇಕು ಅಂತ.”

“ಬೇಗ ಹೊರಡಕ್ಕೆ ತಪ್ಪು ಮಾಡಿ, ಈಗ ಬರೋದೇ ಇಲ್ವಾ?”

“ಪುಟ್ಟ ಮಕ್ಳು ತಿನ್ನೋದು ತಾಯಿ, ಅದು. ಆರಾಗುತ್ತೆ ನಾನು ಬರೋವಾಗ. ಮೇಡಂ ಹತ್ರ ಕೇಳು, ಸೋಮವಾರಕ್ಕೆ...”

“ಕೇಳಲ್ಲ,” ಎಂದಳು ಹುಡುಗಿ. “ನಂದು ಮೂರನೇ ನಂಬರ್.” ಫೋನ್ ಇಟ್ಟಳು.

ನಾಲ್ಕೂ ಐವತ್ತಕ್ಕೆ ಬೆರಳನ್ನು ತಕ್ಕಡಿಯ ಅಂಚಿಗೆ ತಾಗಿಸಿದ. ತಣ್ಣಗಿತ್ತು. ಬಿಗಿಯಾಗಿ ಮುಚ್ಚಿಟ್ಟಿದ್ದ ಮಾದರಿ ಬಾಟಲಿಯಿಂದ ಅದೇ ಹಿಟ್ಟು ತೆಗೆದು ಹರಡಿದ. ತೂಕ ಕಲ್ಲಿನಂತೆ ನಿಂತಿತು. ಐದಕ್ಕೆ 5.44. ಮತ್ತೆ ಮುಚ್ಚಳ ತೆರೆದು ಕಾಲು ಗಂಟೆ ಕೂತ. ಆ ಕಾಲು ಗಂಟೆಯಲ್ಲಿ ಒಂದನೇ ನಂಬರ್ ಹಾರಿರಬೇಕು, ಎರಡನೇ ನಂಬರ್ ಹಾರಿರಬೇಕು. ಫೋನನ್ನು ಖಾನೆಯೊಳಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಐದೂ ಇಪ್ಪತ್ತೈದಕ್ಕೆ 5.41.

ಹಳೆ ಕಾಗದಕ್ಕೆ ಅಡ್ಡ ಗೀಟು ಹಾಕಿ, ‘ಕಾದ ಯಂತ್ರದಲ್ಲಿ ಅಳೆದದ್ದು, ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದ. ಮೇಸ್ತ್ರಿ ಓದಿದ, ತಲೆ ಕೆರೆದುಕೊಂಡ.

“ನನ್ ಭಟ್ಟಿ ಮರ್ಯಾದೆ ಕಳೆದ್ರಿ,” ಎಂದವನು ಬಾಗಿಲಿಗೆ ಹೋಗಿ, “ಇಳಿಸ್ರೋ ಎಲ್ಲಾನೂ!” ಎಂದು ಲಾರಿಯ ಕಡೆ ಕೂಗಿದ. “ಇನ್ನು ಹೋಗ್ರಿ ನೀವು. ಮಗಳದ್ದೇನೋ ಇತ್ತಲ್ಲ.”

ಗೇಟಿನ ಹೊರಗೆ ನಿಂತು ತೇವಪ್ಪ ಫೋನ್ ಮಾಡಿದ.

“ಹಾರಿದೆ,” ಎಂದಳು ಮಗಳು. ಹಲ್ಲು ಕಟಕಟ ಅನ್ನುತ್ತಿತ್ತು. “ಆ ಕಡೆ ಮುಟ್ಟಿದೆ. ತಂಡಕ್ಕೆ ತಗೊಂಡ್ರು.”

“ಭಯ ಆಯ್ತಾ?”

“ಆಯ್ತು.”

ಐದೂ ಹತ್ತಕ್ಕೆ ಹುಡುಗಿ ಆಳಕ್ಕೆ ಹಾರಿದ್ದಳು. ದಂಡೆಯ ಮೇಲೆ ಅಪ್ಪ ಇರಲಿಲ್ಲ. ಕೊಟ್ಟ ಮಾತು ತಪ್ಪಿತ್ತು.